‘ಈಗಿನ ಹುಡುಗರು ಓದುವುದಿಲ್ಲ’ ಎನ್ನುವ ಕೊಡಗಿನ ಹಿರಿಯ ವಕೀಲರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕೊಡಗು ಜಿಲ್ಲೆಯ ಹಿರಿಯ ವಕೀಲರು ಹಾಗೂ ವಕೀಲರ ಸಂಘಗಳ ಪದಾಧಿಕಾರಿಗಳು

ವಿಷಯ: ಕಿರಿಯ ವಕೀಲರ ಓದು, ಸಂಬಳ ಮತ್ತು ಸಮಯದ ಬಗ್ಗೆ

ಮಾನ್ಯರೇ,

ಬಾರ್ ರೂಮಿನಲ್ಲಿ ಕಾಫಿ ಕುಡಿಯುವಾಗ, ಬೀಳ್ಕೊಡುಗೆ ಸಮಾರಂಭಗಳಲ್ಲಿ, ಕಾನೂನು ಅರಿವು ಶಿಬಿರದ ವೇದಿಕೆಯಲ್ಲಿ, ಎಲ್ಲಿ ನಾಲ್ಕು ಮಂದಿ ಹಿರಿಯರು ಸೇರಿದರೂ ಒಂದು ಮಾತು ಬಂದೇ ಬರುತ್ತದೆ: ‘ಈಗಿನ ಹುಡುಗರು ಓದುವುದಿಲ್ಲ. ಫೋನ್ ನೋಡಿಕೊಂಡು ಕೇಸು ನಡೆಸಬಹುದು ಅಂದುಕೊಂಡಿದ್ದಾರೆ.’ ಸಭೆ ನಗುತ್ತದೆ. ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸಿ, ನೀರಿನ ಬಾಟಲಿ ಹಂಚಿ ಕುಳಿತ ನಾವೂ ನಗುತ್ತೇವೆ.

ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧವನ್ನು ಹೇಳುವವರಿಲ್ಲ. ಜೂನಿಯರ್ ಆದವಳು ಸೀನಿಯರ್ ಮುಂದೆ ನಿಂತು ಇದನ್ನೆಲ್ಲ ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಿದರೆ ‘ಬಾಯಿ ಜೋರು’ ಎಂಬ ಹೆಸರು ಬೀಳುತ್ತದೆ. ಐದೇ ತಾಲ್ಲೂಕಿನ ಈ ಜಿಲ್ಲೆಯಲ್ಲಿ ಅಂಥ ಹೆಸರು ನಾವು ಹತ್ತಿದ ಬಸ್ಸಿಗಿಂತ ಮೊದಲೇ ಮುಂದಿನ ಊರು ಸೇರಿರುತ್ತದೆ. ಆದ್ದರಿಂದ ಯಾರೊಬ್ಬರ ಹೆಸರನ್ನೂ ಎತ್ತದೆ, ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ನಮ್ಮದು ಸುಂಟಿಕೊಪ್ಪದ ಕಡೆ. ಅಪ್ಪ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಚೆಕ್‌ರೋಲ್ ಬರೆಯುವುದು, ವಾರದ ಬಟವಾಡೆಯ ಲೆಕ್ಕ ಇಡುವುದು ಅವರ ಕೆಲಸ. ಮನೆಯಲ್ಲಿ ಪುಸ್ತಕಗಳಿರಲಿಲ್ಲ, ಆದರೆ ಓದು ಇತ್ತು. ಬೆಳಿಗ್ಗೆ ‘ಶಕ್ತಿ’ ಬಂದರೆ ಮೊದಲ ಪುಟದಿಂದ ಶ್ರದ್ಧಾಂಜಲಿಯ ಜಾಹೀರಾತಿನವರೆಗೆ ಅಪ್ಪ ಬಿಡದೆ ಓದುತ್ತಿದ್ದರು. ಧಣಿಗಳ ಮನೆಯಿಂದ ಹಳೆಯ ವಾರಪತ್ರಿಕೆಗಳ ಕಟ್ಟು ಬಂದರೆ ಅದು ಇಡೀ ಮಳೆಗಾಲಕ್ಕೆ ಸಾಕಾಗುತ್ತಿತ್ತು. ಅಲ್ಲಿಂದ ಹಿಡಿದ ಓದಿನ ಹುಚ್ಚೇ ನನ್ನನ್ನು ಮೈಸೂರಿನ ಕಾನೂನು ಕಾಲೇಜಿನವರೆಗೆ ಕರೆದುಕೊಂಡು ಹೋಯಿತು. ಪದವಿ ಮುಗಿದಾಗ ಜೊತೆಯವರೆಲ್ಲ ಬೆಂಗಳೂರಿನ ಬಸ್ಸು ಹತ್ತಿದರು, ನಾನು ಊರಿನ ಬಸ್ಸು ಹತ್ತಿದೆ. ‘ಕೊಡಗಿನಲ್ಲಿ ವಕೀಲಿಕೆ ಮಾಡಿ ಏನು ತಿನ್ನುತ್ತೀ?’ ಎಂದು ಕೇಳದವರಿಲ್ಲ. ತಿನ್ನುವ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಮೊದಲು ಓದಿನ ವಿಷಯ.

ಜಿಲ್ಲೆಯ ಯಾವ ತಾಲ್ಲೂಕಿನ ನ್ಯಾಯಾಲಯಕ್ಕೆ ಹೋದರೂ ಜೂನಿಯರ್‌ನ ದಿನ ಹೆಚ್ಚುಕಡಿಮೆ ಒಂದೇ. ಒಂಬತ್ತಕ್ಕೆ ಆಫೀಸು. ಆ ದಿನದ ಫೈಲುಗಳನ್ನು ತೆಗೆದು, ಡೈರಿ ನೋಡಿ, ಯಾವುದು ಯಾವ ಕೋರ್ಟ್ ಹಾಲ್‌ನಲ್ಲಿ ಎಂದು ಗುರುತು ಹಾಕಬೇಕು. ಹನ್ನೊಂದಕ್ಕೆ ಕೋರ್ಟು. ಅಲ್ಲಿ ನಮ್ಮ ಮುಖ್ಯ ಕೆಲಸ ವಾಯಿದೆ ಕೇಳುವುದು. ‘ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ಪಾಸ್ ಓವರ್ ಕೊಡಿ (ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ) ಸ್ವಾಮಿ’ ಎಂಬ ಒಂದು ವಾಕ್ಯವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎಷ್ಟು ವಿನಯದಿಂದ ಹೇಳಬಹುದೋ ಅಷ್ಟು ವಿನಯದಿಂದ ಹೇಳಲು ಕಲಿತಿದ್ದೇವೆ. ಮಧ್ಯಾಹ್ನ ನಕಲು ಅರ್ಜಿ, ಕೋರ್ಟ್ ಫೀ, ಶಿರಸ್ತೇದಾರರ ಮೇಜು, ತಾಲ್ಲೂಕು ಕಚೇರಿಯಲ್ಲಿ ಪಹಣಿ, ಜಮಾಬಂದಿ ಎಂಬ ಜಮೀನಿನ ದಾಖಲೆಗಳು. ಸಂಜೆ ಆಫೀಸಿಗೆ ಬಂದರೆ ಕಕ್ಷಿದಾರರ ಸಾಲು, ಟೈಪಿಂಗ್, ನಾಳೆಯ ಅಫಿಡವಿಟ್. ಕತ್ತಲಾದ ಮೇಲೆ ನಮ್ಮ ಊರಿನ ಕಡೆಗೆ ಬಸ್ಸು ವಿರಳ, ಕೊನೆಯ ಬಸ್ಸು ತಪ್ಪಿದರೆ ಆಟೋದವರು ಹೇಳಿದ್ದೇ ರೇಟು. ಮನೆಗೆ ಬಂದು ಊಟ ಮಾಡಿ ತೀರ್ಪುಗಳ ಸಂಪುಟವಾದ ಎಐಆರ್ ಬಿಡಿಸಿದರೆ ಎರಡನೆಯ ಪ್ಯಾರಾದಲ್ಲಿ ಕಣ್ಣು ಕೂರುತ್ತದೆ. ಮಳೆಗಾಲದಲ್ಲಾದರೆ ಆ ಹೊತ್ತಿಗೆ ಕರೆಂಟೂ ಇರುವುದಿಲ್ಲ.

ಕೆಲಸ ಕಷ್ಟ ಎಂದು ದೂರುತ್ತಿಲ್ಲ. ಶಿರಸ್ತೇದಾರರ ಮೇಜಿನ ಮುಂದೆ ನಿಲ್ಲದವರಿಗೆ ಫೈಲು ಹೇಗೆ ನಡೆಯುತ್ತದೆ ಎಂಬುದು ಗೊತ್ತಾಗುವುದಿಲ್ಲ, ಅದೂ ಒಂದು ಬಗೆಯ ಓದೇ. ಆದರೆ ದಿನದ ಒಂದು ಗಂಟೆಯನ್ನೂ ಓದಿಗೆ ಬಿಡದಂತೆ ಕೆಲಸ ಹಂಚಿ, ಸಂಜೆ ‘ಆ ತೀರ್ಪು ಪೂರ್ತಿ ಓದಿದ್ದೀಯೇನಮ್ಮಾ?’ ಎಂದು ಕೇಳಿದರೆ ನಾವು ಏನು ಹೇಳಬೇಕು?

ಇನ್ನು ದುಡ್ಡಿನ ಮಾತು. ಬಾರ್ ರೂಮಿನಲ್ಲಿ ಎಲ್ಲ ವಿಷಯವೂ ಚರ್ಚೆಯಾಗುತ್ತದೆ, ಇದೊಂದನ್ನು ಬಿಟ್ಟು. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿ, ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ ಕನಿಷ್ಠ 15,000 ರೂಪಾಯಿ ಸ್ಟೈಪೆಂಡ್ ಕೊಡಬೇಕೆಂದು ಶಿಫಾರಸು ಮಾಡಿತು. ಅದು ಕಡ್ಡಾಯವಲ್ಲ. ಸಣ್ಣ ಊರಿನ ಸೀನಿಯರ್‌ಗಳಿಗೆ ಕಷ್ಟವಾಗಬಹುದು ಎಂಬುದನ್ನು ಪರಿಷತ್ತೇ ಒಪ್ಪಿಕೊಂಡಿದೆ. ಸರಿ. ಆದರೆ ಈ ಸುತ್ತೋಲೆ ಬಂದಿದೆ ಎಂಬುದನ್ನಾದರೂ ಯಾರಾದರೂ ನಮ್ಮ ಮುಂದೆ ಓದಿ ಹೇಳಿದರೇ? ನಾವು ಅದನ್ನು ವಾಟ್ಸ್ಆ್ಯಪ್‌ನಲ್ಲಿ ನೋಡಿದೆವು, ಒಬ್ಬರಿಗೊಬ್ಬರು ಕಳಿಸಿಕೊಂಡೆವು, ನಗುವ ಚಿತ್ರ ಹಾಕಿ ಸುಮ್ಮನಾದೆವು.

ನಮ್ಮಲ್ಲಿ ನಡೆಯುವ ಪದ್ಧತಿ ನಿಮಗೆ ಗೊತ್ತಿಲ್ಲದ್ದಲ್ಲ. ‘ಪೆಟ್ರೋಲಿಗೆ ಇಟ್ಟುಕೋ’ ಎಂದು ಒಮ್ಮೊಮ್ಮೆ ಐನೂರರ ನೋಟು. ಒಳ್ಳೆಯ ಕೇಸು ಮುಗಿದರೆ ಸ್ವಲ್ಪ ಜಾಸ್ತಿ. ಸುಗ್ಗಿ ಹಬ್ಬವಾದ ಪುತ್ತರಿಗೆ ಒಂದು ಕವರ್. ಕೊಡುವಾಗ ಪ್ರೀತಿಯಿಂದಲೇ ಕೊಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವ ತಿಂಗಳು ಎಷ್ಟು ಬರುತ್ತದೆ ಎಂದು ತಿಳಿಯದವಳು ಬಾಡಿಗೆಗೆ ರೂಮು ಹಿಡಿಯಲಾರಳು, ಪುಸ್ತಕ ಕೊಳ್ಳಲಾರಳು. ಕೇಳಲೂ ಆರಳು, ಏಕೆಂದರೆ ಪ್ರೀತಿಯಿಂದ ಕೊಟ್ಟಿದ್ದಕ್ಕೆ ಲೆಕ್ಕ ಕೇಳುವುದು ಹೇಗೆ? ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಕಕ್ಷಿದಾರರು ಬಾಕಿ ಫೀಸನ್ನೆಲ್ಲ ತೀರಿಸಿದರು ಎಂದು ಆಫೀಸುಗಳಲ್ಲಿ ಸಂತೋಷವಿತ್ತು. ನಮ್ಮ ಪೆಟ್ರೋಲಿನ ನೋಟು ಮಾತ್ರ ಐನೂರರದ್ದೇ ಆಗಿತ್ತು.

ಹೀಗಾಗಿ ಶನಿವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ನಮ್ಮಲ್ಲಿ ಹಲವರು ಇನ್ನೊಂದು ಕೆಲಸ ಮಾಡುತ್ತಾರೆ. ಒಬ್ಬ ಹೋಂಸ್ಟೇಯಲ್ಲಿ ಬೆಂಗಳೂರಿನಿಂದ ಬಂದವರ ಆಧಾರ್ ಪ್ರತಿ ಪಡೆದು ರೂಮಿನ ಕೀಲಿ ಕೊಡುತ್ತಾನೆ. ಒಬ್ಬಳು ಟ್ಯೂಷನ್ ಹೇಳುತ್ತಾಳೆ. ಕೊಯ್ಲಿನ ತಿಂಗಳುಗಳಲ್ಲಿ ಮನೆಯ ತೋಟದ ಕಣದಲ್ಲಿ ಕಾಫಿ ತಿರುಗಿಸಿ ಸೋಮವಾರ ಬೆಳಿಗ್ಗೆ ಕರಿ ಕೋಟು ಹಾಕಿಕೊಂಡು ಬರುವವರೂ ಇದ್ದಾರೆ. ನೀವು ಓದಿಗೆಂದು ಇಟ್ಟುಕೊಂಡಿದ್ದ ಭಾನುವಾರ ನಮ್ಮ ಪಾಲಿಗೆ ಸಂಬಳದ ದಿನ.

ಬೆಂಗಳೂರಿಗೆ ಹೋದ ಗೆಳತಿಯೊಬ್ಬಳ ಕಥೆ ಇನ್ನೂ ವಿಚಿತ್ರ. ಅವಳಿಗೆ ಓದುವುದಕ್ಕೇ ಸಂಬಳ. ಹೊರದೇಶದ ಕಂಪನಿಗಳ ಕರಾರು ಪತ್ರಗಳನ್ನು ದಿನಕ್ಕೆ ಹತ್ತು ಗಂಟೆ ಕಂಪ್ಯೂಟರಿನಲ್ಲಿ ಓದಿ, ಯಾವ ಷರತ್ತು ಎಲ್ಲಿದೆ ಎಂದು ಗುರುತು ಹಾಕುವ ಕೆಲಸ. ತಿಂಗಳಿಗೆ ಬರುವ ಹಣ ಕೇಳಿದರೆ ನಮ್ಮ ಕಿವಿ ನಂಬುವುದಿಲ್ಲ. ಹೋದ ಸಲ ಊರಿಗೆ ಬಂದಾಗ ‘ಏನು ಓದಿದೆ ಇತ್ತೀಚೆಗೆ?’ ಎಂದು ಕೇಳಿದೆ. ‘ದಿನವಿಡೀ ಓದುತ್ತೇನೆ, ಆದರೆ ಓದಿದ್ದು ಒಂದೂ ನನ್ನದಲ್ಲ ಕಣೇ’ ಎಂದಳು. ಈಗ ಆ ಗುರುತು ಹಾಕುವ ಕೆಲಸವನ್ನೂ ಯಂತ್ರ (ಕೃತಕ ಬುದ್ಧಿಮತ್ತೆ) ಮಾಡತೊಡಗಿದೆಯಂತೆ, ಯಂತ್ರ ಹಾಕಿದ ಗುರುತು ಸರಿಯೇ ಎಂದು ನೋಡುವುದು ಅವಳ ಹೊಸ ಕೆಲಸ. ಓದಲು ಸಂಬಳ ಇರುವಲ್ಲಿ ಓದಿದ್ದು ಉಳಿಯುವುದಿಲ್ಲ, ಓದಿದ್ದು ಉಳಿಯುವಂಥ ಕೆಲಸವಿರುವಲ್ಲಿ ಸಂಬಳವಿಲ್ಲ. ನಮ್ಮ ತಲೆಮಾರಿನ ಕಾನೂನು ಪದವೀಧರರ ಮುಂದೆ ಇರುವ ಎರಡು ದಾರಿ ಇವೇ.

ಫೋನಿನ ವಿಷಯದಲ್ಲಿ ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ. ಇಡೀ ದಿನ ನಾವು ಅಕ್ಷರಗಳ ಮೇಲೆ ಕಣ್ಣಾಡಿಸುತ್ತಲೇ ಇರುತ್ತೇವೆ. ನಲವತ್ತು ಪುಟದ ತೀರ್ಪಿನ ಸಾರ ನಾಲ್ಕು ಸಾಲಿನಲ್ಲಿ ಗ್ರೂಪಿಗೆ ಬರುತ್ತದೆ. ಓದಿದೆವು ಎಂಬ ಭಾವನೆ ಬರುತ್ತದೆ. ಯಾವ ಸಂಗತಿಗಳ ಮೇಲೆ ಆ ತೀರ್ಪು ನಿಂತಿದೆ, ಭಿನ್ನಮತ ಬರೆದ ನ್ಯಾಯಮೂರ್ತಿ ಏನು ಹೇಳಿದರು ಎಂಬುದು ಆ ನಾಲ್ಕು ಸಾಲಿನಲ್ಲಿ ಇರುವುದಿಲ್ಲ. ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯೂ ಇದಕ್ಕೆ ಮದ್ದಲ್ಲ. ಟಿಪ್ಪಣಿಯಿಲ್ಲದ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯ) ಪಕ್ಕದಲ್ಲಿಟ್ಟುಕೊಂಡು ಶೇ 45 ಅಂಕ ತೆಗೆದರೆ ಆಯಿತು, ಪುಟ ಹುಡುಕುವ ವೇಗ ಇದ್ದರೆ ಸಾಕು.

ಈ ಅವಸರದ ಓದು ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಒಂದು ಆದೇಶ ಹೊರಡಿಸಿ, ಅದರಲ್ಲಿ ಉಲ್ಲೇಖಿಸಿದ್ದ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂದು ಗೊತ್ತಾದಾಗ ಹಿಂಪಡೆಯಬೇಕಾಯಿತು. 2025ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟು, ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದ ಒಂದು ಆದೇಶದಲ್ಲಿ ಆಧಾರವಾಗಿ ಕೊಟ್ಟಿದ್ದ ಸುಪ್ರೀಂ ಕೋರ್ಟ್ ತೀರ್ಪುಗಳು ಎಲ್ಲಿಯೂ ಇಲ್ಲವೆಂದು ಕಂಡು, ಮುಂದಿನ ಕ್ರಮಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡುವಂತೆ ಹೇಳಿತು. ಎರಡರಲ್ಲೂ ಆದೇಶ ಬರೆದವರು ಜೂನಿಯರ್‌ಗಳಲ್ಲ. ನಿಮ್ಮನ್ನು ಚುಚ್ಚಲು ಇದನ್ನು ಹೇಳುತ್ತಿಲ್ಲ. ಓದದ ರೋಗ ವಯಸ್ಸು ನೋಡಿ ಬರುವುದಿಲ್ಲ. ಹೊತ್ತಿಲ್ಲದವರಿಗೆಲ್ಲ ಬರುತ್ತದೆ.

ಜೊತೆಗೆ, ಓದಲೇಬೇಕಾದ ಕಾಲವೂ ಇದೇ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 511 ಕಲಮುಗಳಿದ್ದಲ್ಲಿ 358. ಕೊಲೆಗೆ 302 ಎಂಬುದು ಕಾನೂನು ಓದದವರ ಬಾಯಲ್ಲೂ ಇತ್ತು. ಈಗ ಕೊಲೆಯ ಶಿಕ್ಷೆ 103ರಲ್ಲಿದೆ, ಹೊಸ ಸಂಹಿತೆಯ 302 ಧಾರ್ಮಿಕ ಭಾವನೆಗೆ ನೋವುಂಟುಮಾಡುವ ಮಾತಿನ ಬಗ್ಗೆ ಹೇಳುತ್ತದೆ. ಜುಲೈ 1ಕ್ಕೆ ಮೊದಲಿನ ಅಪರಾಧಕ್ಕೆ ಹಳೆಯದೇ ಅನ್ವಯಿಸುವುದರಿಂದ ಎರಡನ್ನೂ ತಿಳಿದಿರಬೇಕು. ಕ್ರಿಮಿನಲ್ ಪ್ರೊಸೀಜರ್ ಕೋಡಿನ 484 ಕಲಮುಗಳ ಜಾಗದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 531. ಸಾಕ್ಷ್ಯದ ಕಾಯ್ದೆಯೂ ಬದಲಾಗಿದೆ. ಇದು ಸಾಲದೆಂಬಂತೆ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅಪ್ಪ ಜೀವಮಾನವಿಡೀ ಯಾವ ಕಾಯ್ದೆಯ ಹೆಸರಿನಲ್ಲಿ ರಿಜಿಸ್ಟರ್ ಬರೆದರೋ ಆ 1951ರ ತೋಟ ಕಾರ್ಮಿಕರ ಕಾಯ್ದೆ ಅವುಗಳೊಳಗೆ ಕರಗಿದೆ. ತೋಟಗಳೇ ಬದುಕಾಗಿರುವ ಜಿಲ್ಲೆಯಲ್ಲಿ ಇದನ್ನು ಕೂತು ಪೂರ್ತಿ ಓದಿದವರು ಎಷ್ಟು ಮಂದಿ? ನಲವತ್ತು ವರ್ಷದ ಅನುಭವದವರೂ ಮೊನ್ನೆ ಸನ್ನದು ಪಡೆದವರೂ ಈ ವಿಷಯದಲ್ಲಿ ಒಂದೇ ತರಗತಿಯಲ್ಲಿದ್ದೇವೆ.

ಇನ್ನೊಂದು ಓದು ಇದೆ. ಅದು ಕೊಡಗಿನಲ್ಲಿ ಮಾತ್ರ ಸಿಗುವಂಥದ್ದು, ಅದರ ಕೀಲಿ ಪೂರ್ತಿಯಾಗಿ ನಿಮ್ಮ ಕೈಯಲ್ಲಿದೆ. ಮೈಸೂರಿನ ನಮ್ಮ ತರಗತಿಯಲ್ಲಿ ಜಮ್ಮಾ, ಬಾಣೆ, ಸಾಗು, ಉಂಬಳಿ ಎಂಬ, ಕೊಡಗಿನ ಜಮೀನು ಹಿಡುವಳಿಯ ಬಗೆಗಳ ಮಾತನ್ನು ಯಾರೂ ಎತ್ತಲಿಲ್ಲ. 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಷನ್ ಪಠ್ಯದಲ್ಲಿರಲಿಲ್ಲ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ, 1964ರ ಭೂ ಕಂದಾಯ ಕಾಯ್ದೆ ಬಂದ ಮೇಲೂ ಅದರ 79ನೇ ಕಲಮಿನಲ್ಲಿ ಜಮ್ಮಾ, ಬಾಣೆಯ ಸೌಲಭ್ಯಗಳನ್ನು ಯಾಕೆ ಉಳಿಸಿದರು, ಗದ್ದೆಗೆ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟ ಬಾಣೆಯಲ್ಲಿ ಕಾಫಿ ಬೆಳೆದ ಮೇಲೆ ಅದು ಯಾರದ್ದು, ಕುಲದ ಹಿರಿಯನಾದ ಪಟ್ಟೇದಾರನ ಹೆಸರಿನಲ್ಲಿರುವ ಜಮೀನಿನಲ್ಲಿ ಒಕ್ಕದ (ಕುಲದ) ಮಿಕ್ಕವರ ಹಕ್ಕೇನು ಎಂಬುದೆಲ್ಲ ಇಲ್ಲಿಗೆ ಬಂದ ಮೇಲೆ ತಿಳಿದದ್ದು. ಕೋವಿ ಹಕ್ಕಿನ ವಿನಾಯಿತಿಯನ್ನು ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ಎತ್ತಿಹಿಡಿದಾಗ ನಾನು ಮೈಸೂರಿನಲ್ಲಿದ್ದೆ. ‘ನಿಮ್ಮ ಊರಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದಂತಲ್ಲ, ಯಾಕೆ?’ ಎಂದು ಕೇಳಿದವರಿಗೆಲ್ಲ ಉತ್ತರ ಹುಡುಕಿದ್ದು ಅಂತರ್ಜಾಲದಲ್ಲಿ. ಆ ಉತ್ತರ ನಿಮ್ಮ ಆಫೀಸಿನ ಹಳೆಯ ಫೈಲುಗಳಲ್ಲಿ ಇನ್ನೂ ಚೆನ್ನಾಗಿ ಇದೆ.

ನಿಮ್ಮಲ್ಲಿ ಕೆಲವರು ಮುಗಿದ ಫೈಲುಗಳನ್ನು ಕೆಂಪು ಪಟ್ಟಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೀರಿ. ವಾದಪತ್ರ, ಪಾಟಿ ಸವಾಲು, ಹಳೆಯ ಜಮಾಬಂದಿಯ ನಕಲು, ಅಂಚಿನಲ್ಲಿ ನಿಮ್ಮ ಕೈಬರಹದ ಟಿಪ್ಪಣಿ. ಯಾವ ಪ್ರಕಾಶಕರೂ ಅಚ್ಚು ಹಾಕದ ಪುಸ್ತಕ ಅದು. ಒಬ್ಬ ಹಿರಿಯರು ತೀರಿಕೊಂಡ ಮೇಲೆ ಅವರ ಆಫೀಸು ಖಾಲಿ ಮಾಡುವುದನ್ನು ನೋಡಿದ್ದೇನೆ. ಫೈಲುಗಳು ಗುಜರಿಗೆ ಹೋದವು. ತೂಕಕ್ಕೆ ಹಾಕಿದರು. ನಾವಿಬ್ಬರು ಜೂನಿಯರ್‌ಗಳು ಕೇಳಲು ಹೋಗುವಷ್ಟರಲ್ಲಿ ಪಿಕಪ್ ಹೊರಟಿತ್ತು.

ಕಥೆ, ಕಾದಂಬರಿಯ ಓದನ್ನೂ ಇಲ್ಲಿ ಸೇರಿಸುತ್ತೇನೆ, ನೀವು ಒಪ್ಪದಿದ್ದರೂ. ಅದು ‘ಟೈಮ್‌ಪಾಸ್’ ಎಂದು ಹಲವರು ತಿಳಿದಿದ್ದಾರೆ. ಒಮ್ಮೆ ತೋಟದ ಕೂಲಿಗಳ ಲೈನ್ ಮನೆಯ ವಯಸ್ಸಾದ ಹೆಂಗಸೊಬ್ಬರು ಸಾಕ್ಷಿ ಹೇಳಲು ಕಟಕಟೆ ಹತ್ತಿದ್ದರು. ಗಲಾಟೆ ನಡೆದದ್ದು ಯಾವ ತಾರೀಕು ಎಂಬ ಪ್ರಶ್ನೆ. ‘ಹೂಮಳೆ ಬಿದ್ದ ವಾರ’ ಎಂದರು, ಅಂದರೆ ಕಾಫಿ ಹೂ ಅರಳಿಸುವ ಮಳೆ ಬಿದ್ದ ವಾರ. ತಾರೀಕು ಹೇಳಿ ಎಂದು ಮತ್ತೆ ಮತ್ತೆ ಕೇಳಿದರು, ಅವರು ಹೆದರಿ ಯಾವುದೋ ಒಂದು ತಾರೀಕು ಹೇಳಿದರು, ಅದು ದೂರಿಗೆ ತಾಳೆಯಾಗಲಿಲ್ಲ. ಸಾಕ್ಷಿ ಸುಳ್ಳು ಎಂದಾಯಿತು. ಹೂಮಳೆ ಯಾವಾಗ ಬಿತ್ತೆಂದು ತೋಟದ ಮಳೆ ಲೆಕ್ಕದ ಪುಸ್ತಕ ತರಿಸಿದ್ದರೆ ಆ ಹೆಂಗಸು ಹೇಳಿದ್ದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೆ ಇರುತ್ತಿರಲಿಲ್ಲ. ಜನ ತಮ್ಮ ಬದುಕನ್ನು ಯಾವ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತಾರೆ ಎಂಬುದನ್ನು ಬೇರ್ ಆಕ್ಟ್ ಹೇಳಿಕೊಡುವುದಿಲ್ಲ. ಅದು ಸಿಗುವುದು ಬೇರೆ ಕಪಾಟಿನಲ್ಲಿ.

ಕಪಾಟು ಎಂದಾಗ ಗ್ರಂಥಾಲಯ ನೆನಪಾಯಿತು. ನಾನು ಕಂಡ ಒಂದು ಬಾರ್ ಲೈಬ್ರರಿಯ ಗಾಜಿನ ಬೀರುವಿನಲ್ಲಿ ಎಐಆರ್, ಐಎಲ್ಆರ್ ಸಂಪುಟಗಳು ಸಾಲಾಗಿ ನಿಂತಿವೆ, ಬೀಗ ಹಾಕಿದೆ. ಕೀಲಿ ಯಾರ ಬಳಿ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. ಗೋಡೆಯ ತೇವಕ್ಕೆ ಕೆಳಗಿನ ಸಾಲಿನ ಪುಟಗಳು ಅಂಟಿಕೊಂಡಿವೆ. ನಾವು ಬಿಡುವಾಗಿ ಹೋಗಬಹುದಾದ ಹೊತ್ತಿಗೆ ಸಾರ್ವಜನಿಕ ಗ್ರಂಥಾಲಯದ ಬಾಗಿಲೂ ಮುಚ್ಚಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುವ ಜನ ನಾವು. ಸಂಜೆ ಎಂಟರವರೆಗೆ ತೆರೆದಿಡಿ ಎಂದು ಕೇಳಲು ವಕೀಲರಿಗಿಂತ ಹಕ್ಕುಳ್ಳವರು ಯಾರು? ಬೇರೆ ಎಷ್ಟೋ ವಿಷಯಕ್ಕೆ ಮನವಿ ಕೊಟ್ಟಿದ್ದೀರಿ, ಇದಕ್ಕೂ ಒಂದು ಕೊಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕೆಲವು ಕಡೆ ಕಂಪ್ಯೂಟರೂ ಬಂದಿದೆ. ಸುಪ್ರೀಂ ಕೋರ್ಟಿನ ವರದಿಗಳು 2023ರಿಂದ ಇ-ಎಸ್‌ಸಿಆರ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಹಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಓದುವ ಸಾಮಗ್ರಿಗೆ ಬರವಿಲ್ಲ. ಬರ ಇರುವುದು ಹೊತ್ತಿಗೆ, ಕೂರುವ ಜಾಗಕ್ಕೆ.

ಇಷ್ಟೆಲ್ಲ ಯಾಕೆ ಬೇಕು, ಹೋಗುವವರು ಬೆಂಗಳೂರಿಗೆ ಹೋಗಲಿ ಬಿಡಿ ಎನ್ನಬಹುದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಕಾಲೂರಿನ ಕಡೆ ಗುಡ್ಡ ಜಾರಿದಾಗ ಮನೆಯ ಜೊತೆ ದಾಖಲೆಗಳೂ ಮಣ್ಣಾದವು. ಪರಿಹಾರಕ್ಕೆ ಅರ್ಜಿ, ಪೌತಿ ಖಾತೆ, ಕಳೆದುಹೋದ ಪತ್ರಗಳ ನಕಲು ಎಂದು ಜನ ಕಚೇರಿಯಿಂದ ಕಚೇರಿಗೆ ಅಲೆದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ದುರಂತಕ್ಕೆ ಸಿಕ್ಕವರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅವರಲ್ಲಿ ಬಹಳ ಮಂದಿಗೆ ಅದು ಗೊತ್ತಿರಲಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ರಾಜ್ಯವೆಲ್ಲ ನೋಡಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳನ್ನು ಆದಿವಾಸಿಗಳ ಊರಾದ ಹಾಡಿಯಲ್ಲಿ ಕೂತು ತುಂಬಿಕೊಡುವವರು ಇವತ್ತೂ ಬೆರಳೆಣಿಕೆ. ಈ ಕೆಲಸಕ್ಕೆ ಇಲ್ಲಿನ ಮಳೆ, ಇಲ್ಲಿನ ಭಾಷೆಗಳು, ಇಲ್ಲಿನ ಜಮಾಬಂದಿ ಗೊತ್ತಿರುವ ವಕೀಲರೇ ಬೇಕು. ಆದರೆ ಇಲ್ಲಿ ಉಳಿಯಲು ಆಗುವುದು ಯಾರಿಗೆ? ಮನೆಯಲ್ಲಿ ತೋಟವಿದ್ದವರಿಗೆ, ಅಪ್ಪ ವಕೀಲರಾಗಿದ್ದವರಿಗೆ. ಲೈನ್ ಮನೆಯಿಂದ, ಹಾಡಿಯಿಂದ ಒಬ್ಬ ಹುಡುಗಿ ಕಾನೂನು ಓದಿ ಬಂದರೆ ಮೂರು ವರ್ಷ ಸಂಬಳವಿಲ್ಲದೆ ಕರಿ ಕೋಟು ಹಾಕಿಕೊಂಡು ಓಡಾಡಲು ಅವಳಿಂದಾದೀತೇ? ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪಂಗಡಗಳ ಪದವೀಧರರಿಗೆ ಸರ್ಕಾರದ ತರಬೇತಿ ಭತ್ಯೆ ಇದೆ. ಆದರೆ ಅದು ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕವರಿಗೆ ಸರ್ಕಾರ ಕೊಡುತ್ತದೆಂದು ನಿಮ್ಮ ಹೊಣೆ ಇಳಿಯುವುದೂ ಇಲ್ಲ.

2024ರ ಜುಲೈ 30ರಂದು ಸುಪ್ರೀಂ ಕೋರ್ಟು, ಸನ್ನದು ನೋಂದಣಿಗೆ ವಕೀಲರ ಕಾಯ್ದೆಯ 24ನೇ ಕಲಮು ಹೇಳಿದ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದಿತು. ದುಬಾರಿ ಶುಲ್ಕ ಬಡ ಹಿನ್ನೆಲೆಯವರನ್ನು ವೃತ್ತಿಯ ಬಾಗಿಲಲ್ಲೇ ತಡೆಯುತ್ತದೆ ಎಂಬುದು ಆ ತೀರ್ಪಿನ ತಿರುಳು. ಬಾಗಿಲು ಅಗಲವಾಯಿತು, ಒಳ್ಳೆಯದು. ಒಳಗೆ ಬಂದವರು ಊಟಕ್ಕೆ ಏನು ಮಾಡಬೇಕು ಎಂಬುದನ್ನು ಸುಪ್ರೀಂ ಕೋರ್ಟು ಹೇಳಲಾರದು, ನೀವು ಹೇಳಬಲ್ಲಿರಿ.

2025ರ ಮೇ 20ರ ತೀರ್ಪಿನ ವಿಷಯ ಇನ್ನೂ ಸೂಕ್ಷ್ಮ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಲು ಮೂರು ವರ್ಷದ ವಕೀಲಿಕೆ ಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟು ಮತ್ತೆ ತಂದಿತು. ಆ ಮೂರು ವರ್ಷಕ್ಕೆ ನ್ಯಾಯಾಲಯದ ಪ್ರಧಾನ ನ್ಯಾಯಾಧೀಶರ ಪ್ರಮಾಣಪತ್ರ ಬೇಕು, ಇಲ್ಲವೇ ಕನಿಷ್ಠ ಹತ್ತು ವರ್ಷ ಅನುಭವವಿರುವ ವಕೀಲರು ಕೊಟ್ಟು ನ್ಯಾಯಾಧೀಶರು ದೃಢೀಕರಿಸಿದ ಪ್ರಮಾಣಪತ್ರ ಬೇಕು. ಕೋರ್ಟು ಕಾಣದವರು ನೇರವಾಗಿ ನ್ಯಾಯಪೀಠದಲ್ಲಿ ಕೂರಬಾರದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಇದರಿಂದ ಆಗಿದ್ದೇನು? ನಮ್ಮ ಭವಿಷ್ಯದ ಒಂದು ಕಾಗದ ಸೀನಿಯರ್ ಕೈಗೆ ಹೋಯಿತು. ಸಂಬಳ ಕೇಳಿದರೆ ಪ್ರಮಾಣಪತ್ರ ತಡವಾದೀತೇ, ಭಾನುವಾರ ಬರಲಾರೆ ಎಂದರೆ ಸಹಿಗೆ ಅಲೆಸುತ್ತಾರೆಯೇ ಎಂಬ ಅಳುಕು ನಮ್ಮೆಲ್ಲರಿಗಿದೆ. ಹಾಗೆ ಯಾರೂ ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ. ಅಳುಕು ಹುಟ್ಟಲು ಯಾರಾದರೂ ಹಾಗೆ ಮಾಡಿರಬೇಕೆಂದೇನೂ ಇಲ್ಲ.

ನಿಮ್ಮ ಉತ್ತರವೂ ನನಗೆ ಗೊತ್ತು. ‘ನಾವೂ ಹೀಗೇ ಕಲಿತೆವು, ನಮ್ಮ ಸೀನಿಯರ್ ಒಂದು ಕಾಸು ಕೊಡಲಿಲ್ಲ, ಅವರು ಕೊಟ್ಟ ವಿದ್ಯೆಯೇ ಸಂಬಳ.’ ಅದನ್ನು ಗೌರವದಿಂದಲೇ ಕೇಳುತ್ತೇನೆ. ನನ್ನ ಸೀನಿಯರ್ ನನಗೆ ಹೇಳಿಕೊಟ್ಟದ್ದು ಕಡಿಮೆಯಲ್ಲ. ಪಾಟಿ ಸವಾಲಿನಲ್ಲಿ ಯಾವ ಪ್ರಶ್ನೆಯನ್ನು ಕೇಳಬಾರದು ಎಂಬುದನ್ನು ಅವರಷ್ಟು ಚೆನ್ನಾಗಿ ಯಾರೂ ಕಲಿಸಲಾರರು. ಇಲ್ಲಿನ ಫೀಸು ಬೆಂಗಳೂರಿನ ಫೀಸಲ್ಲ, ಎಷ್ಟೋ ಕಕ್ಷಿದಾರರು ಕಾಫಿ ಮಾರಿದ ಮೇಲೆ ಕೊಡುತ್ತೇವೆ ಎಂದು ವರ್ಷ ದೂಡುತ್ತಾರೆ, ಟೈಪಿಸ್ಟಿನ ಸಂಬಳ, ಆಫೀಸಿನ ಬಾಡಿಗೆ ಏರುತ್ತಲೇ ಇದೆ ಎಂಬುದೂ ನಿಜ. ಆದರೆ ವಿದ್ಯೆಯೇ ಸಂಬಳ ಎನ್ನುವುದಾದರೆ ಆ ಸಂಬಳವಾದರೂ ಪೂರ್ತಿ ಸಿಗಬೇಡವೇ? ದಿನವಿಡೀ ವಾಯಿದೆ ಕೇಳಿ, ಸಂಜೆ ಟೈಪಿಸ್ಟ್ ರಜೆಯಿದ್ದಾಗ ಟೈಪ್ ಮಾಡಿ ಮನೆಗೆ ಹೋಗುವವಳಿಗೆ ಸಿಕ್ಕ ವಿದ್ಯೆ ಎಷ್ಟು?

ಆದ್ದರಿಂದ ನನ್ನ ಕೋರಿಕೆಗಳನ್ನು ನೇರವಾಗಿ ಹೇಳುತ್ತೇನೆ.

ಜೂನಿಯರ್ ಸೇರುವ ದಿನವೇ ತಿಂಗಳಿಗೆ ಎಷ್ಟು ಕೊಡುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. 15,000 ಆಗದಿದ್ದರೆ ಆಗುವಷ್ಟೇ ಬರೆಯಿರಿ, ಆದರೆ ತಿಂಗಳ ಮೊದಲ ವಾರ ಅದು ಬರುವಂತಿರಲಿ. ಕರಾರು ಬರೆದುಕೊಡದೆ ವ್ಯವಹಾರ ಮಾಡಬೇಡಿ ಎಂದು ಕಕ್ಷಿದಾರರಿಗೆ ದಿನವೂ ಬುದ್ಧಿ ಹೇಳುವವರು ನಾವೇ ಅಲ್ಲವೇ? ಒಬ್ಬರಿಂದ ಆಗದಿದ್ದರೆ ಇಬ್ಬರು ಸೀನಿಯರ್‌ಗಳು ಸೇರಿ ಒಬ್ಬ ಜೂನಿಯರ್ ಇಟ್ಟುಕೊಳ್ಳಲಿ. ಸಂಘದಲ್ಲಿ ಇದಕ್ಕೆಂದೇ ಸಣ್ಣ ನಿಧಿಯೊಂದನ್ನು ಮಾಡಬಹುದು, ಮೊದಲ ಎರಡು ವರ್ಷದವರಿಗೆ ಅದರಿಂದ ಸ್ವಲ್ಪ ತುಂಬಿಕೊಡಬಹುದು. ವಾರ್ಷಿಕೋತ್ಸವದ ಊಟದಲ್ಲಿ ಒಂದು ಬಗೆ ಕಡಿಮೆ ಮಾಡಿದರೂ ಶುರುವಾತಿಗೆ ಸಾಕಾಗುತ್ತದೆ ಎಂದು ನನ್ನ ಅಂದಾಜು. ತಮಾಷೆಗೆ ಹೇಳುತ್ತಿಲ್ಲ.

ವಾರದಲ್ಲಿ ಒಂದು ಮಧ್ಯಾಹ್ನ ಜೂನಿಯರ್‌ಗಳನ್ನು ಓಡಾಟದಿಂದ ಬಿಡಿ. ಯಾವ ದಿನ ಎಂಬುದನ್ನು ಸಂಘವೇ ಗೊತ್ತುಮಾಡಲಿ, ಒಬ್ಬರ ಆಫೀಸಿನಲ್ಲಿ ಬಿಟ್ಟು ಇನ್ನೊಬ್ಬರಲ್ಲಿ ಬಿಡದಿದ್ದರೆ ಅದು ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಬಾರ್ ಲೈಬ್ರರಿಯ ಬೀರುಗಳು ತೆರೆದಿರಲಿ. ಕೀಲಿಯ ಹೊಣೆಯನ್ನು ನಮ್ಮಲ್ಲೇ ಒಬ್ಬರಿಗೆ ಕೊಡಿ, ಪುಸ್ತಕ ಒಣಗಿಸುವುದು, ಪಟ್ಟಿ ಮಾಡುವುದು ನಾವೇ ಮಾಡುತ್ತೇವೆ.

ತಿಂಗಳಿಗೊಮ್ಮೆ ನಿಮ್ಮಲ್ಲಿ ಒಬ್ಬರು ಒಂದು ಹಳೆಯ ಜಮ್ಮಾ, ಬಾಣೆ ಕೇಸಿನ ಫೈಲನ್ನು ಮುಂದಿಟ್ಟುಕೊಂಡು ನಮಗೆ ಪಾಠ ಹೇಳಿ. ಕಕ್ಷಿದಾರರ ಗುಟ್ಟು ಕಾಪಾಡಬೇಕಾದ ಕಡೆ ಹೆಸರು ಮುಚ್ಚಿ. ಹಾಗೆಯೇ ನಾವು ನಿಮಗೆ ಹೊಸ ಸಂಹಿತೆಗಳಲ್ಲಿ ಹಳೆಯ ಕಲಮು ಎಲ್ಲಿಗೆ ಹೋಗಿದೆ ಎಂದು ಹುಡುಕುವುದನ್ನು, ಇ-ಎಸ್‌ಸಿಆರ್‌ನಲ್ಲಿ ತೀರ್ಪು ತೆಗೆಯುವುದನ್ನು, ಯಂತ್ರ ಕೊಟ್ಟ ಉಲ್ಲೇಖ ನಿಜವೇ ಎಂದು ಪರೀಕ್ಷಿಸುವುದನ್ನು ತೋರಿಸಿಕೊಡುತ್ತೇವೆ. ಗುಜರಿಗೆ ಹಾಕುವ ಮೊದಲು ಫೈಲುಗಳನ್ನು ಒಮ್ಮೆ ನಮಗೆ ತೋರಿಸಿ.

ಪ್ರಮಾಣಪತ್ರಕ್ಕೆ ಸಂಬಂಧಿಸಿ, ಜೂನಿಯರ್ ಕೇಳಿದ ಇಷ್ಟು ದಿನದೊಳಗೆ ಕೊಡಬೇಕು, ಕೊಡದಿದ್ದರೆ ಕಾರಣವನ್ನು ಬರೆದು ತಿಳಿಸಬೇಕು ಎಂದು ಸಂಘ ಒಂದು ನಿರ್ಣಯ ಮಾಡಲಿ. ಹಾಜರಾತಿಯ ಡೈರಿಯನ್ನು ನಾವು ಇಡುತ್ತೇವೆ, ತಿಂಗಳಿಗೊಮ್ಮೆ ಸಹಿ ಹಾಕಿ.

ಗ್ರಂಥಾಲಯ ಸಂಜೆ ತೆರೆದಿರಬೇಕೆಂಬ ಮನವಿಯ ಕರಡನ್ನು ನಾನು ಈಗಾಗಲೇ ಬರೆದಿಟ್ಟಿದ್ದೇನೆ. ಅದಕ್ಕೆ ಸಂಘದ ಲೆಟರ್‌ಹೆಡ್ ಮತ್ತು ನಿಮ್ಮ ಸಹಿಗಳು ಬೇಕು.

ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ‘ಇತರೆ ವಿಷಯಗಳು’ ಎಂಬ ಕೊನೆಯ ಸಾಲಿಗೆ ತಳ್ಳದೆ, ಊಟಕ್ಕೆ ಮೊದಲು ಚರ್ಚೆಗೆ ಬರುವಂತೆ ಸೇರಿಸಬೇಕೆಂದು ಕೋರುತ್ತೇನೆ. ಮಾತಾಡಲು ಹತ್ತು ನಿಮಿಷ ಕೊಟ್ಟರೆ ಬಂದು ಹೆಸರು ಹೇಳಿಯೇ ಮಾತಾಡುತ್ತೇನೆ. ನನ್ನ ಜೊತೆ ಇನ್ನೂ ಕೆಲವರು ಬರುತ್ತಾರೆ. ಅವರಲ್ಲಿ ಇಬ್ಬರಿಗೆ ಭಾನುವಾರ ಹೋಂಸ್ಟೇ ಕೆಲಸವಿರುವುದರಿಂದ ಸಭೆಯನ್ನು ವಾರದ ದಿನ ಇಟ್ಟುಕೊಂಡರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸದ,
ಒಬ್ಬ ಕಿರಿಯ ವಕೀಲೆ
ಕೊಡಗು